ಬೀದರಿಗೆ ಹೋಗಲೇ ಎಂದು ಕೇಳಿದ ಮಗಳಿಗೆ

ಕಡಕೊಳ

ಪ್ರೀತಿಯ ಮಗಳೇ,

ಡಿಸೆಂಬರ್ ಕೊನೆಗೆ ಐದು ದಿನ ರಜೆ ಸಿಗುತ್ತೆ ದೊಡ್ಡಮ್ಮ, ಬೀದರಿಗೆ ಹೋಗಿಬರಲಾ, ಅಷ್ಟು ದೂರ ಹೋಗುವಂಥದ್ದು ಅಲ್ಲೇನಿದೆ ಅಂತ ಮೊನ್ನೆ ಜಗಲಿ ಮೇಲೆ ಕೂತು ಕೇಳಿದೆ. ನಿನ್ನ ಜೊತೆ ಕೆಲಸ ಮಾಡುವವರೆಲ್ಲ ಊಟಿಗೆ ಹೊರಟಿದ್ದಾರಂತೆ. ನಾನು ಅವರೆಕಾಯಿ ಸುಲಿಯುತ್ತ ಸುಮ್ಮನಿದ್ದೆ. ಉತ್ತರ ಗೊತ್ತಿಲ್ಲದೆ ಅಲ್ಲ, ಒಂದು ಮಾತಿನಲ್ಲಿ ಮುಗಿಸಲು ಮನಸ್ಸಾಗಲಿಲ್ಲ. ಇದೇ ಪ್ರಶ್ನೆ ನಮ್ಮ ಕಡೆಯ ಬೇರೆ ಮಕ್ಕಳಿಗೂ ಇರಬಹುದು ಎಂದು ಪತ್ರಿಕೆಯ ಮೂಲಕವೇ ಬರೆಯುತ್ತಿದ್ದೇನೆ.

'ಬೀದರಿನಿಂದ ಚಾಮರಾಜನಗರದವರೆಗೆ' ಎಂಬ ಮಾತನ್ನು ನೀನು ಹುಟ್ಟಿದಾಗಿನಿಂದ ಕೇಳಿದ್ದೀಯ. ಚುನಾವಣೆಯ ಭಾಷಣದಲ್ಲಿ, ರಾಜ್ಯೋತ್ಸವದ ವೇದಿಕೆಯಲ್ಲಿ ಇಡೀ ಕರ್ನಾಟಕ ಎನ್ನಬೇಕಾದಾಗಲೆಲ್ಲ ಅದೇ ಮಾತು. ಅದರ ಒಂದು ತುದಿ ನಮಗೆ ಹಿತ್ತಲಿದ್ದಂತೆ. ಚಾಮರಾಜನಗರದ ರೈಲು ನಮ್ಮ ಕಡಕೊಳ ಸ್ಟೇಷನ್ನಿನಲ್ಲಿ ನಿಂತು ಹೋಗುತ್ತದೆ, ಅಲ್ಲಿ ನಮಗೆ ನೆಂಟರಿದ್ದಾರೆ. ಇನ್ನೊಂದು ತುದಿಯನ್ನು ನಮ್ಮ ಬೀದಿಯಲ್ಲಿ ಕಂಡವರು ಎಷ್ಟು ಜನ? 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆ ಮೂರು ರಾಜ್ಯಗಳಿಗೆ ಹರಿದು ಹಂಚಿಹೋಯಿತು. ಉದಗೀರ ಮರಾಠಿಯ ಕಡೆಗೆ, ಜಹೀರಾಬಾದ್ ತೆಲುಗಿನ ಕಡೆಗೆ, ಉಳಿದದ್ದು ಇತ್ತ. ಹೀಗೆ ಬಂದು ಸೇರಿದ ರಾಜ್ಯಕ್ಕೆ ಆಗ ಮೈಸೂರು ಎಂದೇ ಹೆಸರು. ಕರ್ನಾಟಕ ಎಂದಾದದ್ದು 1973ರಲ್ಲಿ. ಅಂದರೆ 17 ವರ್ಷ ಬೀದರಿನ ಜನ ತಾವು ನೋಡಿರದ ನಮ್ಮೂರಿನ ಹೆಸರನ್ನು ತಮ್ಮ ವಿಳಾಸದ ಕೊನೆಯ ಸಾಲಿನಲ್ಲಿ ಬರೆದುಕೊಂಡರು. ಇದು ನನಗೆ ಹೊಳೆದದ್ದು ಅಲ್ಲಿ ಹೋಗಿ ಇದ್ದ ಮೇಲೆ. ಆಮೇಲೆ ಮನಸ್ಸಿನಿಂದ ಹೋಗಲೇ ಇಲ್ಲ.

ನಾನಾಗಿ ಹೋದವಳಲ್ಲ. 1992ರಲ್ಲಿ ವರ್ಗದ ಆದೇಶ ಬಂತು. ನಮ್ಮ ಕಡೆ ನೌಕರರನ್ನು ಹೆದರಿಸಲು ಬೀದರಿನ ಹೆಸರು ಹೇಳುತ್ತಿದ್ದ ಕಾಲ ಅದು, 'ನೀರಿಲ್ಲದ ಜಾಗಕ್ಕೆ ಹಾಕಿಸ್ತೀನಿ' ಅನ್ನೋರು. ನಿನ್ನ ಅಜ್ಜಿ ಮೂರು ದಿನ ಅತ್ತಳು. ಟ್ರಂಕಿನಲ್ಲಿ ರಾಗಿ ಹಿಟ್ಟು, ಹುಣಸೆಹಣ್ಣು ತುಂಬಿಕೊಟ್ಟಳು, ಹೊರದೇಶಕ್ಕೆ ಕಳಿಸುವವಳ ಹಾಗೆ. ಬೆಂಗಳೂರು ದಾಟಿ, ಒಂದು ರಾತ್ರಿ ರೈಲಿನಲ್ಲಿ ಕಳೆದು, ಕಲಬುರಗಿಯಲ್ಲಿ ಇಳಿದು ಬಸ್ಸು ಹತ್ತಿದೆ. ಕರಿ ಎರೆಮಣ್ಣಿನ ಹೊಲಗಳು ಮುಗಿಯುವುದೇ ಇಲ್ಲ ಎನ್ನುವಾಗ ನೆಲ ಏರತೊಡಗಿ ಮಣ್ಣು ಕೆಂಪಾಯಿತು. ಗಾಳಿ ತಣ್ಣಗಾಯಿತು. ಬೀದರ್ ಸಮುದ್ರಮಟ್ಟದಿಂದ 2,200 ಅಡಿಗೂ ಎತ್ತರದ ಪ್ರಸ್ಥಭೂಮಿಯ ಅಂಚಿನಲ್ಲಿದೆ. ನಮ್ಮ ಮೈಸೂರಿನ ಎತ್ತರಕ್ಕೆ ಬಹಳ ಕಡಿಮೆಯೇನಲ್ಲ.

ನೀರಿಲ್ಲದ ಜಾಗ ಎಂದಿದ್ದರಲ್ಲ, ಅದನ್ನು ಮೊದಲು ಹೇಳಿಬಿಡುತ್ತೇನೆ. ಆ ಊರು ಕೂತಿರುವುದು ಕೆಂಪು ಜಂಬಿಟ್ಟಿಗೆಯ ಮೇಲೆ. ತೂತು ತೂತಾದ ಆ ಕಲ್ಲು ಮಳೆನೀರನ್ನು ಹೀರಿ ಕೆಳಕ್ಕೆ ಬಿಡುತ್ತದೆ. ಅದರ ಅಡಿಯಲ್ಲಿರುವ ಕರಿಗಲ್ಲು ನೀರನ್ನು ಮುಂದಕ್ಕೆ ಬಿಡುವುದಿಲ್ಲ. ಎರಡೂ ಸೇರುವ ಕಡೆ, ಗುಡ್ಡದ ಪಕ್ಕೆಯಲ್ಲಿ, ನೀರು ಒಸರುತ್ತದೆ. ಗುರುನಾನಕರ ಹೆಸರಿನ ನಾನಕ್ ಝೀರಾ ಗುರುದ್ವಾರದಲ್ಲಿ ಇಂದಿಗೂ ಹರಿಯುವುದು ಅಂಥ ಒಸರು. ಝರಣಿ ನರಸಿಂಹನ ಗುಹೆಯಲ್ಲಿ ಎದೆಮಟ್ಟ ತುಂಬಿ ನಿಲ್ಲುವುದೂ ಅಂಥದ್ದೇ. 15ನೇ ಶತಮಾನದಲ್ಲಿ ಬಹಮನಿ ಸುಲ್ತಾನರ ಕಾಲದವರು ಈ ಗುಟ್ಟು ಅರಿತು, ಪರ್ಷಿಯಾದ ರೀತಿಯಲ್ಲಿ ನೆಲದೊಳಗೆ ಸುರಂಗ ಕೊರೆದರು. ಸುರಂಗದುದ್ದಕ್ಕೂ ಅಲ್ಲಲ್ಲಿ ಬಾವಿಯಂಥ ಕಂಡಿ ಬಿಟ್ಟು, ಇಳಿಜಾರಿನ ಬಲದಿಂದಲೇ ನೀರು ಹರಿಸಿದರು. ಅದಕ್ಕೆ ಕರೇಜ್ ಎನ್ನುತ್ತಾರೆ. ನಾನಿದ್ದಾಗ ನೌಬಾದಿನ ಆ ಕಂಡಿಗಳ ಪಕ್ಕದಲ್ಲೇ ಓಡಾಡಿದ್ದೇನೆ, ಹಾಳುಬಾವಿಗಳೆಂದು ತಿಳಿದಿದ್ದೆ. ಹೂಳು ತೆಗೆಸಿದ್ದು ಇತ್ತೀಚೆಗೆ. ನೀನು ಹೋದರೆ ನಾನು ಕಾಣದೆ ಬಂದದ್ದನ್ನು ಕಾಣುತ್ತೀಯ.

ಇನ್ನು ಎಲ್ಲರೂ ಹೇಳುವ ಕೋಟೆ. ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದವನು ಬಹಮನಿ ಸುಲ್ತಾನ ಅಹಮದ್ ಷಾ. ಬಂಡೆಯನ್ನೇ ಕಡಿದ ಮೂರು ಸಾಲಿನ ಕಂದಕ, ಅದರಾಚೆ ಕೆಂಪು ಗೋಡೆ. ಒಳಗೆ ರಂಗೀನ್ ಮಹಲಿನಲ್ಲಿ ಕರಿಕಲ್ಲಿಗೆ ಮುತ್ತಿನ ಚಿಪ್ಪನ್ನು ಕೂರಿಸಿದ್ದಾರೆ. ಬೀಗ ಹಾಕಿದ್ದರೆ ವಾಪಸ್ ಬರಬೇಡ, ಕೇಳಿ ತೆಗೆಸಿಕೊ. ನಮ್ಮ ಅರಮನೆಯ ಹಾಗೆ ದೀಪ, ಫಲಕ, ಸಾಲುಸಾಲು ಜನ ಇರುತ್ತಾರೆಂದು ಎಣಿಸಬೇಡ. ಅರ್ಧ ಗೋಡೆ ಬಿದ್ದಿರುತ್ತದೆ, ಉಳಿದರ್ಧವನ್ನು ನೀನೇ ಮನಸ್ಸಿನಲ್ಲಿ ಕಟ್ಟಿಕೊಳ್ಳಬೇಕು. ಅದು ಬೇಸರ ಎನಿಸುವವರಿಗೆ ನಾನು ಬೀದರಿಗೆ ಹೋಗಿ ಎನ್ನುವುದಿಲ್ಲ.

ಆದರೆ ಮಹಮೂದ್ ಗವಾನನ ಮದರಸಾದ ಮುಂದೆ ಒಂದು ಗಂಟೆ ಕೂತಿರು. ಕ್ಯಾಸ್ಪಿಯನ್ ಸಮುದ್ರದ ದಡದ ಗಿಲಾನಿನಿಂದ ವ್ಯಾಪಾರಿಯಾಗಿ ಬಂದು ವಜೀರನಾದವನು. 1472ರಲ್ಲಿ ಮೂರು ಅಂತಸ್ತಿನ ವಿದ್ಯಾಲಯ ಕಟ್ಟಿಸಿದ. ಪಾಠದ ಕೋಣೆ, ಪುಸ್ತಕ ಭಂಡಾರ, ವಿದ್ಯಾರ್ಥಿಗಳಿಗೆ ವಸತಿ ಎಲ್ಲ ಇತ್ತು. ಆಗದವರು ಅವನ ಮುದ್ರೆ ಹಾಕಿ ಸುಳ್ಳು ಪತ್ರ ಸೃಷ್ಟಿಸಿದರು. ಸುಲ್ತಾನ ವಿಚಾರಿಸದೆ 1481ರಲ್ಲಿ ಆ ಮುದುಕನ ತಲೆ ತೆಗೆಸಿದ. ಸತ್ಯ ತಿಳಿದು ಕೊರಗಿ ಮರುವರ್ಷ ತಾನೂ ಸತ್ತ. ಮುಂದೆ ಔರಂಗಜೇಬನ ಕಾಲದಲ್ಲಿ ಸಿಡಿಲು, ಮದ್ದಿನ ಸ್ಫೋಟದಿಂದ ಕಟ್ಟಡದ ಒಂದು ಪಾಲೇ ಹಾರಿಹೋಯಿತು. ಎರಡು ಮಿನಾರುಗಳಲ್ಲಿ ಒಂದು ಉಳಿದಿದೆ, ಮೈಮೇಲೆ ಇನ್ನೂ ನೀಲಿ ಹೆಂಚಿನ ತುಣುಕುಗಳಿವೆ. ಮೂವತ್ತು ವರ್ಷ ಪಾಠ ಹೇಳಿದವಳು ನಾನು. ಆ ಖಾಲಿ ಕೋಣೆಗಳಲ್ಲಿ ನಿಂತಾಗ ಆದ ಸಂಕಟ ಬೇರೆ ಯಾವ ಅರಮನೆಯಲ್ಲೂ ಆಗಲಿಲ್ಲ.

ಊರಿಂದ ಸ್ವಲ್ಪ ದೂರದ ಅಷ್ಟೂರಿಗೆ ಬೆಳಿಗ್ಗೆ ಹೋಗು. ಬಹಮನಿ ಗೋರಿಗಳ ಸಾಲು ಅಲ್ಲಿದೆ. ಸಿಡಿಲು ಬಡಿದು ಸೀಳಿಹೋದ ಒಂದು ಗುಮ್ಮಟದಲ್ಲಿ ಒಳಗಿನ ಕಟ್ಟಡ ಹೇಗಿದೆ ಎಂಬುದು ಕೊಯ್ದಿಟ್ಟ ಹಣ್ಣಿನಂತೆ ಕಾಣುತ್ತದೆ. ಅಹಮದ್ ಷಾ ವಲಿಯ ಗೋರಿಯೊಳಗೆ ಕತ್ತಲು. ನಾನು ಹೋದ ದಿನ ಅಲ್ಲಿದ್ದ ಮುದುಕರು ಬಾಗಿಲಲ್ಲಿ ಕನ್ನಡಿ ಹಿಡಿದು ಬಿಸಿಲನ್ನು ಮೇಲಕ್ಕೆ ತಿರುಗಿಸಿದರು. ಚಾವಣಿಯ ಚಿನ್ನದ ಬಣ್ಣ, ಕುಂಕುಮದ ಬಣ್ಣ, ಬಳ್ಳಿಯಂಥ ಬರಹ ಒಮ್ಮೆಲೇ ಬೆಳಗಿತು. ಈ ಸುಲ್ತಾನನನ್ನು ಅಲ್ಲಿನ ಜನ ಅಲ್ಲಮಪ್ರಭುವಿನ ಅವತಾರ ಎಂದು ನಂಬುತ್ತಾರೆ. ವರ್ಷಕ್ಕೊಮ್ಮೆ ಹೋಳಿಯ ನಂತರ ನಡೆಯುವ ಉರುಸಿಗೆ ಜಂಗಮರೇ ಬರುತ್ತಾರೆ, ಶಂಖ ಊದುತ್ತಾರೆ, ತೆಂಗಿನಕಾಯಿ ಒಡೆಯುತ್ತಾರೆ. ಕೇಳಿದ್ದರೆ ನಂಬುತ್ತಿರಲಿಲ್ಲ, ಜಾತ್ರೆಯಲ್ಲಿ ನಿಂತು ನೋಡಿ ನಂಬಿದೆ.

ಜನರ ಮಾತು ಬಂತು, ಅದನ್ನು ಹೇಳದೆ ಈ ಪತ್ರ ಮುಗಿಯದು. ನಾನಿದ್ದ ಬಾಡಿಗೆ ಮನೆಯ ಒಡತಿಗೆ ನನ್ನ ಕನ್ನಡ ಅರ್ಥವಾಗಲು ತಿಂಗಳು ಬೇಕಾಯಿತು, ಅವರ ಕನ್ನಡ ನನಗೂ ಅಷ್ಟೇ. ಉರ್ದು, ಮರಾಠಿ, ತೆಲುಗು ಎಲ್ಲ ಅದರೊಳಗೆ ಒಕ್ಕಲಿದ್ದವು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ನಾಲ್ಕಕ್ಕೆ ಕೆಲವು ನಿಮಿಷ ಮೊದಲು, ಮಂಚ ಅಲುಗಿತು. ಪಾತ್ರೆಗಳು ಉರುಳಿದವು. 'ಅಕ್ಕೋರ, ಹೊರಗ ಬರ್ರಿ, ಲಗೂನ ಬರ್ರಿ' ಎಂದು ಕೂಗುತ್ತ ಆಕೆ ನನ್ನ ರಟ್ಟೆ ಹಿಡಿದು ಅಂಗಳಕ್ಕೆ ಎಳೆದರು. ಅವರ ಮಕ್ಕಳು ಇನ್ನೂ ಒಳಗಿದ್ದರು. ನನ್ನನ್ನು ಹೊರಗೆ ಬಿಟ್ಟು ಮತ್ತೆ ಓಡಿ ಅವರನ್ನು ಕರೆತಂದರು. ಗಡಿಯಾಚೆ ಲಾತೂರಿನ ಕಿಲ್ಲಾರಿಯಲ್ಲಿ ಆ ಭೂಕಂಪಕ್ಕೆ ಸಾವಿರಾರು ಜನ ಸತ್ತರೆಂದು ಆಮೇಲೆ ತಿಳಿಯಿತು. ಆ ರಟ್ಟೆಯ ಹಿಡಿತ ನನಗೆ ಈಗಲೂ ನೆನಪಿದೆ. ಅಲ್ಲಿ ಏನಿದೆ ಎಂದು ಯಾರು ಕೇಳಿದರೂ ನನಗೆ ಮೊದಲು ನೆನಪಾಗುವುದು ಅದೇ.

ಕನ್ನಡ ನಮಗೆ ಕುಡಿಯುವ ನೀರಿನ ಹಾಗೆ ಸಿಕ್ಕಿತು. ಅವರಿಗೆ ಹಾಗಲ್ಲ. ನಿಜಾಮನ ಆಳ್ವಿಕೆಯಲ್ಲಿ ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. ನಮಗೆ ಸ್ವಾತಂತ್ರ್ಯ ಬಂದದ್ದು 1947ರ ಆಗಸ್ಟಿನಲ್ಲಿ, ಅವರು 1948ರ ಸೆಪ್ಟೆಂಬರ್ 17ರವರೆಗೆ ಕಾದರು. ಭಾಲ್ಕಿ ಬೀದರಿನಿಂದ ದೂರವಿಲ್ಲ. ಪಟ್ಟದ್ದೇವರ ಮಠಕ್ಕೊಮ್ಮೆ ಹೋಗಿ ಕೈಮುಗಿದು ಬಾ. ಬಸವಕಲ್ಯಾಣಕ್ಕೆ ಒಂದು ಪೂರ್ತಿ ದಿನ ಬೇಕು, ಅದನ್ನು ಅವಸರದಲ್ಲಿ ಸೇರಿಸಬೇಡ.

ನನ್ನ ಬೀರುವಿನಲ್ಲಿರುವ ಕಪ್ಪು ಡಬ್ಬಿಯನ್ನು ಚಿಕ್ಕವಳಿದ್ದಾಗ ನೀನು ಆಟಕ್ಕೆ ಕೇಳುತ್ತಿದ್ದೆ. ಅದು ಬೀದ್ರಿ ಕೆಲಸ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ, ಉಳಿಯಿಂದ ಚಿತ್ತಾರ ಕೊರೆದು, ಆ ಗೀರಿನೊಳಗೆ ಬೆಳ್ಳಿ ತಂತಿಯನ್ನು ಬಡಿದು ಕೂರಿಸುತ್ತಾರೆ. ಆಗ ಎಲ್ಲವೂ ಬೂದುಬಣ್ಣ, ಬೆಳ್ಳಿಯೇ ಕಾಣುವುದಿಲ್ಲ. ಕೊನೆಗೆ ಕೋಟೆಯೊಳಗಿನ, ಬಿಸಿಲು ಮಳೆ ತಾಗದ ಜಾಗದ ಮಣ್ಣನ್ನು ನವಸಾಗರದ ನೀರಿನಲ್ಲಿ ಕದಡಿ ಕಾಯಿಸಿ ಹಚ್ಚಿದಾಗ ಲೋಹ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ಸರಿಯಾದ ಮಣ್ಣು ಯಾವುದೆಂದು ಕುಶಲಕರ್ಮಿಗಳು ನಾಲಿಗೆಗೆ ತಾಗಿಸಿ ಹೇಳುವುದುಂಟು. ಈ ಕೆಲಸಕ್ಕಾಗಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಅಂಗಡಿಯಲ್ಲಿ ಕೊಳ್ಳುವ ಮೊದಲು ಕೆಲಸ ಮಾಡುವ ಜಾಗಕ್ಕೆ ಹೋಗಿ ಕೂತು ನೋಡು. ಬೆಲೆ ಚೌಕಾಸಿ ಮಾಡಬೇಡ.

ಈಗ ನಿನ್ನ ಐದು ದಿನದ ಲೆಕ್ಕ. ದಾರಿ 800 ಕಿಲೋಮೀಟರಿಗೂ ಹೆಚ್ಚು. ಹೋಗಲು ಒಂದು, ಬರಲು ಒಂದು ದಿನ ಕಳೆದರೆ ಮೂರು ಉಳಿಯುತ್ತವೆ. ಎರಡೇ ದಿನ ರಜೆ ಎಂದಿದ್ದರೆ ಊಟಿಗೇ ಹೋಗು ಎನ್ನುತ್ತಿದ್ದೆ. ಏಪ್ರಿಲ್, ಮೇ ತಿಂಗಳು ಎಂದಿದ್ದರೂ ಬೇಡ ಎನ್ನುತ್ತಿದ್ದೆ, ಆ ಬಿಸಿಲಿನಲ್ಲಿ ಕೆಂಪು ಕಲ್ಲಿನ ಕೋಟೆ ಸುತ್ತಲಾಗದು. ಡಿಸೆಂಬರ್ ಒಳ್ಳೆಯ ಕಾಲ, ಬೆಳಿಗ್ಗೆ ಸ್ವೆಟರ್ ಬೇಕು. ಮೈಸೂರಿನಿಂದ ಬಸವ ಎಕ್ಸ್‌ಪ್ರೆಸ್ಸಿನಲ್ಲಿ ಕಲಬುರಗಿಗೆ ಹೋಗಿ ಇಳಿ. ನನ್ನ ಕಾಲದಲ್ಲಿ ಮುಂದಕ್ಕೆ ಬಸ್ಸೇ ಗತಿ, 2017ರಿಂದ ಕಲಬುರಗಿ–ಬೀದರ್ ನಡುವೆ ರೈಲೂ ಇದೆ. ವಿಮಾನ ಒಂದಷ್ಟು ಕಾಲ ಇರುತ್ತದೆ, ಒಂದಷ್ಟು ಕಾಲ ನಿಲ್ಲುತ್ತದೆ, ಅದನ್ನು ನಂಬಿ ಹೊರಡಬೇಡ. ಝರಣಿಯ ಗುಹೆ ಆ ದಿನ ತೆರೆದಿದೆಯೇ ಎಂದು ವಿಚಾರಿಸಿಯೇ ಹೋಗು. ನಿನಗೆ ಉಬ್ಬಸವಿದೆ, ಬಾಗಿಲಲ್ಲೇ ಕೈಮುಗಿದರೆ ಸಾಕು.

ಒಂದು ದಿನ ಹಿಂದೆಮುಂದೆ ಮಾಡಿ ಎಳ್ಳ ಅಮವಾಸ್ಯೆಗೆ ಅಲ್ಲಿರುವಂತೆ ನೋಡಿಕೊ. ಆ ದಿನ ಊರೆಲ್ಲ ಹೊಲದಲ್ಲಿರುತ್ತದೆ, ಬೀದಿಗಳು ಖಾಲಿ. ಜೋಳ ಎದೆಯುದ್ದ ನಿಂತಿರುತ್ತದೆ. ಭಜ್ಜಿ ಎಂದರೆ ನಮ್ಮ ಎಣ್ಣೆಯ ಬೋಂಡಾ ಎಂದುಕೊಳ್ಳಬೇಡ, ಹತ್ತು ಬಗೆಯ ಕಾಳು, ಸೊಪ್ಪು, ತರಕಾರಿ ಸೇರಿಸಿ ಬೇಯಿಸಿದ ಪಲ್ಯ. ಅದರ ಜೊತೆ ರೊಟ್ಟಿ, ಮಡಕೆಯಲ್ಲಿ ಅಂಬಲಿ. ಗುರುತಿಲ್ಲದವರನ್ನೂ ಕರೆದು ಕೂರಿಸುತ್ತಾರೆ. ಕರೆದರೆ ಸಂಕೋಚ ಮಾಡದೆ ಕೂರು. ಮೈಸೂರಿನ ಹತ್ತಿರ ಕಡಕೊಳದವಳು ಎಂದು ಹೇಳು. ಅವರ ಸೀಮೆಯಲ್ಲೂ, ತತ್ವಪದ ಹಾಡಿದ ಮಡಿವಾಳಪ್ಪನವರ ಊರಿಗೆ ಕಡಕೋಳ ಎಂದೇ ಹೆಸರು. ಯಾವ ಕಡಕೋಳ ಎಂದು ಖಂಡಿತ ಕೇಳುತ್ತಾರೆ.

ಟಿಕೆಟ್ ಇವತ್ತೇ ನೋಡು. ಆ ಮನೆಯೊಡತಿಯ ಓಣಿಯ ಗುರುತನ್ನು ಬೇರೆ ಚೀಟಿಯಲ್ಲಿ ಬರೆದಿಟ್ಟಿದ್ದೇನೆ. ಅವರಿಗೆ ಈಗ ಎಂಬತ್ತು ದಾಟಿರಬೇಕು. ಹೊರಡುವ ಹಿಂದಿನ ದಿನ ಬಾ, ಅವರಿಗೆ ಕೊಡಲು ಎರಡು ಸೇರು ರಾಗಿ ಹಿಟ್ಟು ಬೀಸಿಸಿಡುತ್ತೇನೆ. ಮುದ್ದೆ ಕಟ್ಟಲು ನಾನೇ ಕಲಿಸಿದ್ದೆ.

ನಿನ್ನ
ದೊಡ್ಡಮ್ಮ