ಅರಿಶಿನ: ನುಂಗಿದ್ದೆಲ್ಲ ರಕ್ತ ಸೇರುವುದಿಲ್ಲ

‘ನ್ಯಾನೋ ಅರಿಶಿನ’ದ ಕ್ಯಾಪ್ಸೂಲ್ ಒಳ್ಳೆಯದೇ ಎಂದು ಕೇಳುವವರು ಈಗ ಹೆಚ್ಚಾಗಿದ್ದಾರೆ. ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟು ಇದನ್ನೇ ಸೇವಿಸಬಹುದೇ ಎಂದು ಕೇಳುವವರೂ ಇದ್ದಾರೆ. ಮಾತ್ರೆ ಬಿಡಬೇಡಿ. ಯಾಕೆಂದು ತಿಳಿಯಬೇಕಾದರೆ ಅರಿಶಿನ ನಮ್ಮ ಹೊಟ್ಟೆಯೊಳಗೆ ಏನಾಗುತ್ತದೆಂದು ಮೊದಲು ನೋಡಬೇಕು.

ಅರಿಶಿನಕ್ಕೆ ಹಳದಿ ಬಣ್ಣ ಕೊಡುವುದು ಕರ್ಕ್ಯುಮಿನ್. ನೂರು ಗ್ರಾಂ ಪುಡಿಯಲ್ಲಿ ಇದು ಸುಮಾರು 3 ಗ್ರಾಂ ಇರುತ್ತದೆ. ಕರ್ಕ್ಯುಮಿನ್ ಒಂದು ಆ್ಯಂಟಿಆಕ್ಸಿಡೆಂಟ್. ಅಂದರೆ ಜೀವಕೋಶಗಳಿಗೆ ಹಾನಿ ಮಾಡುವ ಕಣಗಳನ್ನು ತಣಿಸುವ ಗುಣ ಅದಕ್ಕಿದೆ. ಆದರೆ ಅದು ನೀರಿನಲ್ಲಿ ಕರಗುವುದಿಲ್ಲ. ಕರುಳಿನಲ್ಲಿ ಬೇಗ ಒಡೆಯುತ್ತದೆ. ಒಳಹೊಕ್ಕ ಅಲ್ಪ ಭಾಗವನ್ನೂ ಕರುಳಿನ ಗೋಡೆ ಮತ್ತು ಯಕೃತ್ತು ಮಾರ್ಪಡಿಸಿ ಹೊರಗೆ ಕಳುಹಿಸುತ್ತವೆ.

ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಸ್ಪಷ್ಟಪಡಿಸಿತು. ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ ಮಾತ್ರ ಕೊಟ್ಟಾಗ ರಕ್ತದಲ್ಲಿ ಅದು ಸಿಕ್ಕಿದ್ದೇ ಕಷ್ಟ. ಕರಿಮೆಣಸಿನ ಸಾರವಾದ ಪೈಪರಿನ್ 20 ಮಿಲಿಗ್ರಾಂ ಸೇರಿಸಿದಾಗ ರಕ್ತ ಸೇರಿದ ಪ್ರಮಾಣ ಸುಮಾರು 20 ಪಟ್ಟು ಹೆಚ್ಚಿತು.

ಯುನಾನಿಯಲ್ಲಿ ಇಂಥ ಸಹಾಯಕ ದ್ರವ್ಯಕ್ಕೆ ‘ಬದ್ರಖಾ’ ಎನ್ನುತ್ತಾರೆ. ಔಷಧವನ್ನು ತಲುಪಬೇಕಾದ ಅಂಗಕ್ಕೆ ಕರೆದೊಯ್ಯುವ ಜೊತೆಗಾರ ಎಂದು ಅರ್ಥ. ನ್ಯಾನೋ ತಂತ್ರಜ್ಞಾನ ಹುಡುಕುತ್ತಿರುವುದೂ ಇಂಥದೇ ಜೊತೆಗಾರನನ್ನು.

ಪಿಎಲ್‌ಜಿಎ ಎಂಬ ಪಾಲಿಮರನ್ನು ತೆಗೆದುಕೊಳ್ಳಿ. ಲ್ಯಾಕ್ಟಿಕ್ ಆಮ್ಲ ಮತ್ತು ಗ್ಲೈಕಾಲಿಕ್ ಆಮ್ಲ ಸೇರಿಸಿ ಇದನ್ನು ತಯಾರಿಸುತ್ತಾರೆ. ಆಪರೇಷನ್ ನಂತರ ಮೈಯಲ್ಲೇ ಕರಗುವ ಹೊಲಿಗೆ ದಾರಗಳೂ ಇದೇ ಜಾತಿಯವು. ಪಾಲಿಮರನ್ನೂ ಕರ್ಕ್ಯುಮಿನ್ನನ್ನೂ ಒಂದೇ ದ್ರಾವಕದಲ್ಲಿ ಕರಗಿಸಿ, ನೀರಿನಲ್ಲಿ ಅತಿ ಸಣ್ಣ ಹನಿಗಳಾಗಿ ಕಲಕಿ, ದ್ರಾವಕವನ್ನು ಆವಿಯಾಗಿಸುತ್ತಾರೆ. ಉಳಿಯುವುದು ಕೆಲವು ನೂರು ನ್ಯಾನೋಮೀಟರಿನ ಕಣಗಳು. ತಲೆಗೂದಲಿನ ದಪ್ಪವೇ ಸುಮಾರು 80,000 ನ್ಯಾನೋಮೀಟರ್ ಎಂದರೆ ಇವು ಎಷ್ಟು ಸಣ್ಣವೆಂದು ಊಹಿಸಿ. ಕಣದೊಳಗಿರುವ ಕರ್ಕ್ಯುಮಿನ್ ಕರುಳಿನಲ್ಲಿ ಬೇಗ ಒಡೆಯದೆ ನಿಧಾನವಾಗಿ ಹೊರಬರುತ್ತದೆ. 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪೈಪರಿನ್ ಜೊತೆ ಕೊಟ್ಟದ್ದಕ್ಕಿಂತ ಇದು ಕನಿಷ್ಠ 9 ಪಟ್ಟು ಹೆಚ್ಚು ರಕ್ತ ಸೇರಿತು.

ಆದರೆ ಆ ಪ್ರಯೋಗ ನಡೆದದ್ದು ಇಲಿಗಳ ಮೇಲೆ. ರಕ್ತ ಸೇರುವುದೇ ಒಂದು, ರೋಗ ಗುಣವಾಗುವುದೇ ಇನ್ನೊಂದು. ಇನ್ನೂ ಒಂದು ಮಾತಿದೆ: ಹೆಚ್ಚು ರಕ್ತ ಸೇರುವ ವಸ್ತು ಅಡುಗೆಯ ಮಸಾಲೆಯಾಗಿ ಉಳಿಯುವುದಿಲ್ಲ, ಔಷಧವಾಗುತ್ತದೆ. ಔಷಧಕ್ಕೆ ಅಳತೆಯೂ ಬೇಕು, ಪಥ್ಯವೂ ಬೇಕು. 2019ರಲ್ಲಿ ಇಟಲಿಯಲ್ಲಿ ಅರಿಶಿನದ ಕ್ಯಾಪ್ಸೂಲ್, ಮಾತ್ರೆ ಸೇವಿಸಿದ ಕೆಲವರಿಗೆ ಯಕೃತ್ತಿನ ಉರಿಯೂತವಾಗಿ, ಅಲ್ಲಿನ ಸರಕಾರ ಎಚ್ಚರಿಕೆ ನೀಡಬೇಕಾಯಿತು.

ಆದ್ದರಿಂದ ಇವನ್ನು ನೆನಪಿಡಿ:

• ಮನೆಯ ಸಾರು, ಪಲ್ಯಗಳಿಗೆ ಅರಿಶಿನದ ಜೊತೆ ಎಣ್ಣೆ, ಕರಿಮೆಣಸು ಸೇರಲಿ. ಆರೋಗ್ಯವಂತರಿಗೆ ಅಷ್ಟು ಸಾಕು.

• ಪಿತ್ತಕೋಶದಲ್ಲಿ ಕಲ್ಲಿರುವವರು, ಯಕೃತ್ತಿನ ತೊಂದರೆಯವರು, ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಕ್ಯಾಪ್ಸೂಲ್ ಮುಟ್ಟಬಾರದು.

• ಪೈಪರಿನ್ ಬೇರೆ ಔಷಧಗಳ ಪ್ರಮಾಣವನ್ನೂ ರಕ್ತದಲ್ಲಿ ಏರಿಸಬಲ್ಲದು. ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್ ಅಂಥದೊಂದು. ನೀವು ಸೇವಿಸುವ ಎಲ್ಲ ಮಾತ್ರೆಗಳನ್ನೂ ವೈದ್ಯರಿಗೆ ತೋರಿಸಿ.

• ಕ್ಯಾಪ್ಸೂಲ್ ಸೇವಿಸುವಾಗ ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ ಕೂಡಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ.

• ಪಿಎಲ್‌ಜಿಎ ಪ್ರಯೋಗಾಲಯದಲ್ಲಿ ತಯಾರಾಗುವ ವಸ್ತು. ಆದರೆ ಕ್ಯಾಪ್ಸೂಲಿನ ಕವಚ ಹೆಚ್ಚಾಗಿ ಪ್ರಾಣಿಗಳ ಚರ್ಮ, ಎಲುಬುಗಳಿಂದ ತೆಗೆದ ಜಿಲೆಟಿನ್. ಸಸ್ಯಮೂಲದ ಕವಚವೂ ಸಿಗುತ್ತದೆ. ಹಲಾಲ್ ಹೌದೋ ಅಲ್ಲವೋ ಎಂದು ವಿಚಾರಿಸಿಯೇ ಕೊಳ್ಳಿ.

ಶಿಫಾ ಕೊಡುವವನು ಅಲ್ಲಾಹನು. ಈ ದೇಹ ಅವನು ನಮ್ಮ ಕೈಗೆ ಕೊಟ್ಟ ಅಮಾನತ್. ಹೊಸ ಔಷಧವನ್ನು ವಿಚಾರಿಸಿ ಸೇವಿಸುವುದೂ, ಬೇಕಾದ ಔಷಧವನ್ನು ಬಿಡದಿರುವುದೂ ಆ ಅಮಾನತ್ತನ್ನು ಕಾಯುವ ಬಗೆಯೇ.