ಕೀಟನಾಶಕದ ಶೀಸೆ, ಅದರ ಚೀಟಿ ಮತ್ತು ಅಂಗಡಿಯ ರಸೀದಿ

ನಮ್ಮ ರೈತರಲ್ಲಿ ಕೀಟನಾಶಕವನ್ನು ಕೀಟನಾಶಕವೆಂದೇ ಕರೆಯುವವರು ಕಡಿಮೆ. ಹಳೆಯ ಮೈಸೂರಿನ ಕಡೆ ಅದು 'ಔಷಧಿ'. ಉತ್ತರದ ಹತ್ತಿ ಬೆಳೆಯುವ ಸೀಮೆಯಲ್ಲಿ 'ಎಣ್ಣೆ'. ಔಷಧಿಯೆಂದರೆ ಕುಡಿಯುವುದು, ಎಣ್ಣೆಯೆಂದರೆ ಅಡುಗೆಗೆ ಬಳಸುವುದು. ಮಕ್ಕಳ ಕಿವಿಗೆ ಈ ಎರಡು ಮಾತೂ ಭಯ ಹುಟ್ಟಿಸುವಂಥವಲ್ಲ. ಶೀಸೆಯೊಳಗಿರುವುದು ವಿಷ. ಅದು ವಿಷವೆಂದು ಒಪ್ಪಿಕೊಂಡೇ ಸರಕಾರ ಅದರ ತಯಾರಿಕೆ, ಮಾರಾಟ, ಸಾಗಾಣಿಕೆ ಮತ್ತು ಬಳಕೆಗೆ ಕಾಯಿದೆ ಮಾಡಿದೆ. ಈ ಕಾಯಿದೆಯಲ್ಲಿ ರೈತರಿಗೆ ದಿನನಿತ್ಯ ಬೇಕಾಗುವ ಕೆಲವು ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ಕಾಯಿದೆ ಬಂದದ್ದು ಹೇಗೆ?

1958ರಲ್ಲಿ ಕೇರಳಕ್ಕೆ ಹಡಗಿನಲ್ಲಿ ಬಂದ ಗೋಧಿ ಹಿಟ್ಟಿಗೆ ಪ್ಯಾರಾಥಿಯಾನ್ ಎಂಬ ಉಗ್ರ ಕೀಟನಾಶಕ ತಗಲಿತ್ತು. ಆಹಾರವನ್ನೂ ವಿಷವನ್ನೂ ಒಟ್ಟಿಗೆ ಸಾಗಿಸಿದ್ದೇ ಕಾರಣ. ಆ ಹಿಟ್ಟಿನ ತಿನಿಸು ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಆ ಬಳಿಕ ನಡೆದ ವಿಚಾರಣೆ, ಚರ್ಚೆಗಳ ಫಲವಾಗಿ 1968ರಲ್ಲಿ ಕೀಟನಾಶಕ ಕಾಯಿದೆಯೂ 1971ರಲ್ಲಿ ಅದರ ನಿಯಮಗಳೂ ಬಂದವು. ಹೆಸರು ಕೀಟನಾಶಕ ಕಾಯಿದೆ ಎಂದಿದ್ದರೂ ಕಳೆನಾಶಕ, ಶಿಲೀಂಧ್ರನಾಶಕ, ಇಲಿ ಪಾಷಾಣಗಳೂ ಇದರೊಳಗೆ ಬರುತ್ತವೆ.

ಅಂಗಡಿಯಲ್ಲಿ

ಕೀಟನಾಶಕ ಮಾರಲು ಪರವಾನಗಿ ಬೇಕು. ಆ ಪರವಾನಗಿಯನ್ನು ಗಿರಾಕಿಗಳಿಗೆ ಕಾಣುವಂತೆ ಅಂಗಡಿಯಲ್ಲಿ ತೂಗುಹಾಕಿರಬೇಕು. ಅವಧಿ ಮೀರಿದ ಮಾಲನ್ನು ಮಾರಕೂಡದು. ಮಾರಿದ ಪ್ರತಿ ಶೀಸೆಗೂ ರಸೀದಿ ಕೊಡಬೇಕು. ಕೊಡುವುದು ಅಂಗಡಿಯವರ ಉಪಕಾರವಲ್ಲ, ನಿಯಮದಲ್ಲಿ ಬರೆದಿರುವ ಕರ್ತವ್ಯ.

ಆದರೆ ನಡೆಯುವುದೇನು? ಮುಂಗಾರಿನಲ್ಲಿ ಹುಳು ಬಿದ್ದಾಗ ಅಂಗಡಿಯ ಮುಂದೆ ಜನವೋ ಜನ. 'ಬಿಲ್ಲು ಬೇಕಾದರೆ ತೆರಿಗೆ ಸೇರುತ್ತದೆ, ಬೇಡವಾದರೆ ಇಷ್ಟಕ್ಕೇ ಕೊಡುತ್ತೇನೆ' ಎಂಬ ಮಾತು ಬರುತ್ತದೆ. ಸಾಲ ತಂದು ಬೇಸಾಯ ಮಾಡುವವನಿಗೆ ಐವತ್ತು ರೂಪಾಯಿ ಉಳಿದರೂ ಉಳಿಯಿತೇ. ಉದ್ದರಿ ತಂದವನಿಗಂತೂ ರಸೀದಿ ಕೇಳಲು ನಾಲಿಗೆಯೇ ಏಳುವುದಿಲ್ಲ. ಇದು ನಮಗೆ ತಿಳಿಯದ ವಿಷಯವಲ್ಲ. ಹಾಗಿದ್ದರೂ ರಸೀದಿ ಬಿಡಬೇಡಿರೆಂದು ಹೇಳುತ್ತೇವೆ. ಬೆಳೆ ಸುಟ್ಟುಹೋದರೆ, ಹುಳು ಸಾಯದಿದ್ದರೆ, ಆ ಶೀಸೆ ಆ ಅಂಗಡಿಯದೇ ಎಂದು ತೋರಿಸಲು ಬೇರೆ ಸಾಕ್ಷಿ ಹುಟ್ಟಿಸುವುದು ಬಹಳ ಕಷ್ಟ. ಉದ್ದರಿಯೇ ಆಗಲಿ, 'ಬಾಕಿ' ಎಂದು ಬರೆಸಿಯಾದರೂ ರಸೀದಿ ಪಡೆಯಬಹುದು.

ರಸೀದಿಯಲ್ಲಿ ಬರಿಯ 'ಔಷಧಿ – 1 ಲೀಟರ್' ಎಂದಿದ್ದರೆ ಸಾಲದು. ಮಾಲಿನ ಹೆಸರು, ತಯಾರಕರ ಹೆಸರು, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ, ಪ್ರಮಾಣ ಮತ್ತು ಬೆಲೆ ಬರೆಸಿಕೊಳ್ಳಿರಿ. ಇವುಗಳಲ್ಲಿ ಬ್ಯಾಚ್ ಸಂಖ್ಯೆ ಮುಖ್ಯ. ಕೀಟನಾಶಕ ಪರಿವೀಕ್ಷಕರು ಮಾದರಿ ತೆಗೆಯುವುದು ಅಂಗಡಿಯಲ್ಲಿರುವ ಮಾಲಿನಿಂದ. ನೀವು ತಂದದ್ದೂ ಅವರು ಪರೀಕ್ಷೆಗೆ ಕಳುಹಿಸಿದ್ದೂ ಒಂದೇ ತಯಾರಿಕೆಯದೆಂದು ಹೇಳುವ ಕೊಂಡಿ ಆ ಸಂಖ್ಯೆಯೇ.

ಇನ್ನೊಂದು ಬಗೆಯ ಶೀಸೆಗಳಿವೆ. 'ಸಾವಯವ ಟಾನಿಕ್ಕು', 'ಗಿಡಮೂಲಿಕೆಯದು, ಎಲ್ಲಾ ಹುಳುಗಳಿಗೂ ಆಗುತ್ತದೆ' ಎಂದು ಮಾರುವಂಥವು. ಕೀಟ ಕೊಲ್ಲುತ್ತದೆಂದು ಹೇಳಿ ಮಾರುವ ಯಾವುದೇ ವಸ್ತು ಕಾಯಿದೆಯಂತೆ ನೋಂದಣಿಯಾಗಿರಬೇಕು; ನೋಂದಣಿ ಸಂಖ್ಯೆ ಚೀಟಿಯ ಮೇಲಿರಬೇಕು. ಬೆಳವಣಿಗೆಗೆ ಕೊಡುವ ಜೈವಿಕ ಉತ್ತೇಜಕಗಳನ್ನು ಕೂಡ 2021ರಲ್ಲಿ ರಸಗೊಬ್ಬರ ನಿಯಂತ್ರಣ ಆಜ್ಞೆಯಡಿ ತರಲಾಗಿದೆ. ಎರಡೂ ಕಡೆ ಸೇರದ ಶೀಸೆಯನ್ನು ಕೊಳ್ಳದಿರುವುದೇ ಲೇಸು.

ಶೀಸೆಯ ಮೇಲಿನ ಚೌಕ

ಪ್ರತಿ ಶೀಸೆ, ಪೊಟ್ಟಣದ ಮೇಲೂ ಮೂಲೆಯ ಮೇಲೆ ನಿಲ್ಲಿಸಿದಂತಿರುವ ಒಂದು ಚೌಕ ಇರುತ್ತದೆ. ಅದನ್ನು ಅಡ್ಡಲಾಗಿ ಎರಡು ತ್ರಿಕೋನಗಳಾಗಿ ಭಾಗ ಮಾಡಿರುತ್ತಾರೆ. ಕೆಳಗಿನದರಲ್ಲಿ ಬಣ್ಣ, ಮೇಲಿನದರಲ್ಲಿ ಎಚ್ಚರಿಕೆಯ ಮಾತು. ಓದಲು ಬಾರದವರೂ ವಿಷದ ಉಗ್ರತೆಯನ್ನು ತಿಳಿಯಲೆಂದು ಮಾಡಿರುವ ಏರ್ಪಾಡಿದು.

ಕೆಂಪು ಬಣ್ಣವೆಂದರೆ ಅತ್ಯುಗ್ರ ವಿಷ. ಮೇಲೆ ತಲೆಬುರುಡೆ ಮತ್ತು ಅಡ್ಡ ಮೂಳೆಗಳ ಗುರುತು, 'ವಿಷ' ಎಂಬ ಮಾತು. ಪ್ರಯೋಗಶಾಲೆಯ ಪ್ರಾಣಿಗಳಿಗೆ ಬಾಯಿಯ ಮೂಲಕ ಕೊಟ್ಟಾಗ, ದೇಹತೂಕದ ಪ್ರತಿ ಕಿಲೋಗ್ರಾಮಿಗೆ 1ರಿಂದ 50 ಮಿಲಿಗ್ರಾಂನಷ್ಟರಲ್ಲೇ ಅರ್ಧದಷ್ಟು ಪ್ರಾಣಿಗಳು ಸಾಯುವಂಥದು. ಹಳದಿಯದು 51ರಿಂದ 500 ಮಿಲಿಗ್ರಾಂ; ಇಲ್ಲೂ 'ವಿಷ' ಎಂದೇ ಬರೆದಿರುತ್ತದೆ, ಬುರುಡೆ ಮಾತ್ರ ಇರುವುದಿಲ್ಲ. ನೀಲಿ 501ರಿಂದ 5000, 'ಅಪಾಯ'. ಅದಕ್ಕೂ ಮೇಲೆ ಹಸಿರು, 'ಎಚ್ಚರಿಕೆ'.

ಹಳದಿಯನ್ನು ಕಂಡು 'ಬುರುಡೆ ಇಲ್ಲ, ಪರವಾಗಿಲ್ಲ' ಎನ್ನುವವರಿದ್ದಾರೆ. ಅದು ತಪ್ಪು. ಹಸಿರೆಂದರೆ ಸಾವಯವ ಎಂದು ತಿಳಿಯುವುದು ಇನ್ನೂ ದೊಡ್ಡ ತಪ್ಪು. ಈ ಬಣ್ಣ ಹೇಳುವುದು ಒಮ್ಮೆಗೇ ಮೈಗೆ ಸೇರಿದಾಗ ಆಗುವ ಅಪಾಯವನ್ನು ಮಾತ್ರ. ಸ್ವಲ್ಪ ಸ್ವಲ್ಪವಾಗಿ ವರ್ಷಗಟ್ಟಲೆ ಸೇರಿದರೆ ಏನಾಗುತ್ತದೆಂಬುದನ್ನು ಅದು ಹೇಳುವುದಿಲ್ಲ. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಗೇರು ತೋಪುಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಸಿಂಪಡಿಸಿದ ಊರುಗಳ ನೋವು ಎಲ್ಲರಿಗೂ ತಿಳಿದದ್ದೇ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದರ ತಯಾರಿಕೆ, ಮಾರಾಟಗಳನ್ನು ದೇಶದಲ್ಲೆಲ್ಲ ತಡೆಯಿತು.

ಶೀಸೆಯ ಜೊತೆ ಮಡಿಚಿಟ್ಟ ಒಂದು ಕರಪತ್ರ ಇರುತ್ತದೆ. ಅಂಗಡಿಯ ಬಾಗಿಲಲ್ಲೇ ಹಾರಿಹೋಗುವ ಕಾಗದ ಅದು! ಯಾವ ಬೆಳೆಗೆ, ಯಾವ ಕೀಟಕ್ಕೆ, ಎಷ್ಟು ಪ್ರಮಾಣ, ಸಿಂಪಡಿಸಿದ ಮೇಲೆ ಕೊಯ್ಲಿಗೆ ಎಷ್ಟು ದಿನ ಕಾಯಬೇಕು, ವಿಷವೇರಿದರೆ ಲಕ್ಷಣಗಳೇನು, ಪ್ರತಿವಿಷ ಯಾವುದು – ಎಲ್ಲವೂ ಅದರಲ್ಲಿದೆ. ಹಿಂದಿ, ಇಂಗ್ಲಿಷ್ ಅಲ್ಲದೆ ಮಾರಾಟವಾಗುವ ಪ್ರದೇಶದ ಭಾಷೆಯಲ್ಲೂ ಇರಬೇಕೆಂದು ನಿಯಮವಿದೆ. ಅಕ್ಷರಗಳು ಇರುವೆ ಸಾಲಿನಂತೆ ಸಣ್ಣವು ಎಂಬ ದೂರು ನಿಜ. ಶಾಲೆಗೆ ಹೋಗುವ ಮಗನಿಂದಲೋ ಮಗಳಿಂದಲೋ ಓದಿಸಿರಿ. ಗ್ರಾಮ ಮಟ್ಟದ ವಿಸ್ತರಣಾ ಕಾರ್ಯಕರ್ತರು ಒಂದು ಸಂಜೆ ಊರಿನ ಕಟ್ಟೆಯ ಮೇಲೆ ಕುಳಿತು ನಾಲ್ಕು ಕರಪತ್ರಗಳನ್ನು ಗಟ್ಟಿಯಾಗಿ ಓದಿ ಹೇಳಿದರೆ, ಅದು ಒಂದು ಪ್ರಾತ್ಯಕ್ಷಿಕೆಗಿಂತ ಕಡಿಮೆಯ ಕೆಲಸವಲ್ಲ.

ಕರಪತ್ರದಲ್ಲಿ ಹೆಸರಿಲ್ಲದ ಬೆಳೆಗೆ ಅದನ್ನು ಹೊಡೆಯಬಾರದು. ಮೋನೋಕ್ರೋಟೋಫಾಸನ್ನು ತರಕಾರಿಗೆ ಬಳಸಬಾರದೆಂದು ಬಹಳ ವರ್ಷಗಳ ಹಿಂದೆಯೇ ಆಜ್ಞೆಯಾಗಿತ್ತು. ಆದರೂ ಬದನೆ, ಬೆಂಡೆಗಳಿಗೆ ಅದು ಬೀಳುತ್ತಲೇ ಇತ್ತು. ಕೊನೆಗೆ 2023ರಲ್ಲಿ ಅದರ ಶೇಕಡ 36ರ ದ್ರಾವಣವನ್ನೇ ನಿಲ್ಲಿಸುವ ಆಜ್ಞೆ ಹೊರಟಿತು. ಅಟ್ಟದ ಮೇಲೆ ಹಳೆಯ ಶೀಸೆ ಉಳಿದಿದ್ದರೆ ಅದನ್ನು ಬಳಸದೆ ರೈತ ಸಂಪರ್ಕ ಕೇಂದ್ರದವರನ್ನು ಕೇಳಿರಿ.

ಹೊಲದ ಬದುವಿನಲ್ಲಿ ನಿಲ್ಲುವ ಕಾಯಿದೆ

ಈಗ ಹೇಳುವ ವಿಷಯ ಅನೇಕ ವಿಸ್ತರಣಾ ಕಾರ್ಯಕರ್ತರಿಗೂ ಹೊಸತೆನಿಸಬಹುದು. ಕಾಯಿದೆಯ 38ನೆಯ ಕಲಂ ಪ್ರಕಾರ, ಒಬ್ಬನು ತನ್ನ ಮನೆಬಳಕೆಗೆ, ಕೈತೋಟಕ್ಕೆ ಅಥವಾ ತಾನು ಸಾಗುವಳಿ ಮಾಡುವ ಜಮೀನಿಗೆ ಕೀಟನಾಶಕ ಬಳಸಿದರೆ ಆ ಬಳಕೆಗೆ ಈ ಕಾಯಿದೆ ಅನ್ವಯಿಸುವುದಿಲ್ಲ. ಅಂದರೆ ತಯಾರಕನಿಂದ ಅಂಗಡಿಯವರೆಗೆ ಶೀಸೆಯ ಬೆನ್ನಿಗಿರುವ ಕಾನೂನು ನಿಮ್ಮ ಹೊಲದ ಬದುವಿಗೆ ಬಂದು ನಿಲ್ಲುತ್ತದೆ. ರೈತನಿಗೆ ಪರಿವೀಕ್ಷಕರ ಕಾಟ ಬೇಡವೆಂದು ಕೊಟ್ಟ ವಿನಾಯಿತಿ ಇರಬಹುದು. ಆದರೆ ಅದರ ಇನ್ನೊಂದು ಅರ್ಥವನ್ನೂ ನೋಡಬೇಕು. ಅಲ್ಲಿಂದ ಮುಂದೆ ನೀವು ಕೈಗವಸು ಹಾಕಿದಿರೋ, ಗಾಳಿಗೆ ಎದುರಾಗಿ ಹೊಡೆದಿರೋ, ಮುಚ್ಚಿಹೋದ ನಳಿಕೆಯನ್ನು ಬಾಯಿಯಿಂದ ಊದಿದಿರೋ ಎಂದು ಕೇಳಲು ಯಾರೂ ಬರುವುದಿಲ್ಲ.

2017ರಲ್ಲಿ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ ಎತ್ತರಕ್ಕೆ ಬೆಳೆದ ಹತ್ತಿಯಲ್ಲಿ ಸಿಂಪಡಿಸುತ್ತಿದ್ದ ಸುಮಾರು 20 ಜನ ವಿಷವೇರಿ ಸತ್ತರು. ನೂರಾರು ಮಂದಿ ಆಸ್ಪತ್ರೆ ಸೇರಿದರು. ಅವರಲ್ಲಿ ಕೂಲಿಗೆ ಸಿಂಪಡಿಸುವವರೂ ಇದ್ದರು. ಆಳಿನ ಎತ್ತರದ ಬೆಳೆಯಲ್ಲಿ ತುಂತುರು ಮುಖದ ಮಟ್ಟದಲ್ಲೇ ಇರುತ್ತದೆ. ಬೆವರಿನಿಂದ ನೆನೆದ ಅಂಗಿ ವಿಷವನ್ನು ಹೀರಿ ಚರ್ಮಕ್ಕೆ ಒತ್ತಿಡುತ್ತದೆ.

ಕೂಲಿಯವರ ಮಾತು ಬಂದುದರಿಂದ ಇದನ್ನೂ ಹೇಳಬೇಕು. ಕೃಷಿ ಕೆಲಸದಲ್ಲಿ ಕೀಟನಾಶಕ ಸಿಂಪಡಿಸುವ, ಧೂಳೀಕರಿಸುವ ಆಳುಗಳು 1923ರ ಕಾರ್ಮಿಕರ ಪರಿಹಾರ ಕಾಯಿದೆಯ ಪಟ್ಟಿಯಲ್ಲಿ ಸೇರಿದ್ದರು. ಆ ಕಾಯಿದೆಯ ವಿಷಯಗಳನ್ನು ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಕ್ಕೆ ತರಲಾಗಿದೆ. ಪಂಪು ಹೊತ್ತ ಆಳಿಗೆ ಕೆಲಸದಲ್ಲಿ ಅಪಾಯವಾದರೆ, ಕೆಲಸಕ್ಕೆ ಕರೆದವರ ಮೇಲೆ ಪರಿಹಾರದ ಹೊಣೆ ಬೀಳಬಹುದು. ಎರಡೆಕರೆಯವರೆಂದು ಅದು ತಾನಾಗಿ ತಪ್ಪುವುದಿಲ್ಲ. ಕೈಗವಸು, ಮುಖವಸ್ತ್ರ, ತುಂಬುತೋಳಿನ ಅಂಗಿ, ಬೂಟು – ಇವನ್ನು ಪಂಪಿನ ಜೊತೆಗೇ ಮನೆಯಲ್ಲಿ ಇಟ್ಟಿರುವುದು ಇಬ್ಬರಿಗೂ ಕ್ಷೇಮ.

ಮನೆಯಲ್ಲಿ

2013ರ ಜುಲೈಯಲ್ಲಿ ಬಿಹಾರದ ಸಾರಣ ಜಿಲ್ಲೆಯ ಒಂದು ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಮೋನೋಕ್ರೋಟೋಫಾಸ್ ಸೇರಿತ್ತು. ನಾವು ಹೊಲದ ವಿಷವನ್ನು 'ಎಣ್ಣೆ' ಎನ್ನುವುದು ನೆನಪಾದರೆ ಮೈ ಜುಮ್ಮೆನ್ನುತ್ತದೆ.

ಕೀಟನಾಶಕವನ್ನು ಅದರ ಶೀಸೆಯಿಂದ ಬೇರೆ ಪಾತ್ರೆಗೆ ಸುರಿದಿಡಕೂಡದು. ನೆರೆಯವರಿಗೆ ಪಾನೀಯದ ಖಾಲಿ ಬಾಟಲಿಯಲ್ಲಿ ಅರ್ಧ ಸುರಿದು ಕೊಡುವ ವಾಡಿಕೆ ಎಲ್ಲಕ್ಕಿಂತ ಕೆಟ್ಟದ್ದು. ಆ ಬಾಟಲಿಗೆ ಬಣ್ಣದ ಚೌಕವೂ ಇಲ್ಲ, ಹೆಸರೂ ಇಲ್ಲ, ಪ್ರತಿವಿಷದ ಸುಳಿವೂ ಇಲ್ಲ. ಶೀಸೆಗಳನ್ನು ಅಡುಗೆಮನೆ, ದನದ ಕೊಟ್ಟಿಗೆ, ಮೇವಿನ ಮನೆಗಳಿಂದ ದೂರದಲ್ಲಿ ಒಂದು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿರಿ. ಬೀಗ ಮಕ್ಕಳಿಗಾಗಿ ಮಾತ್ರವಲ್ಲ. ಮನೆಯಲ್ಲಿ ಜಗಳವಾದ ರಾತ್ರಿ, ಸಾಲದವರು ಬಂದುಹೋದ ದಿನ, ದುಡುಕಿನ ಒಂದು ಗಳಿಗೆಯಲ್ಲಿ ಕೈಗೆ ಸಿಗುವಂತಿರಬಾರದು. ಮನಸ್ಸು ಕುಗ್ಗಿದವರ ಜೊತೆ ಮಾತನಾಡಲು ಸರಕಾರದ ಟೆಲಿಮಾನಸ್ ದೂರವಾಣಿ 14416 ಇದೆ. ಹಗಲು ರಾತ್ರಿ ಉತ್ತರಿಸುತ್ತಾರೆ.

ಖಾಲಿ ಶೀಸೆಯನ್ನು ಮೂರು ಸಲ ತೊಳೆದು, ಆ ನೀರನ್ನು ಪಂಪಿಗೇ ಹಾಕಿ ಹೊಲಕ್ಕೆ ಹೊಡೆಯಿರಿ. ಕೆರೆ, ಕಾಲುವೆಗೆ ಚೆಲ್ಲಬೇಡಿರಿ. ಖಾಲಿ ಪಾತ್ರೆಗಳು ಮತ್ತೆ ಬಳಕೆಗೆ ಬಾರದಂತೆ ಒಡೆದು, ಜನವಸತಿಯಿಂದ ದೂರದಲ್ಲಿ ಹೂಳಬೇಕೆಂದು ನಿಯಮಗಳಲ್ಲಿದೆ.

ವಿಷವೇರಿದರೆ

ತಲೆಸುತ್ತು, ವಾಂತಿ, ಜೊಲ್ಲು, ವಿಪರೀತ ಬೆವರು, ಕಣ್ಣು ಮಂಜಾಗುವುದು, ಸ್ನಾಯುಗಳು ಅದುರುವುದು – ಸಿಂಪರಣೆಯ ದಿನ ಇವುಗಳಲ್ಲಿ ಯಾವುದು ಕಂಡರೂ 'ಬಿಸಿಲಿಗೆ ಹೀಗಾಗಿದೆ' ಎಂದು ಮಲಗಿಸಬೇಡಿರಿ. ಬಟ್ಟೆ ಕಳಚಿ, ಸೋಪು ನೀರಿನಿಂದ ಮೈ ತೊಳೆಯಿರಿ. ತೊಳೆಯುವವರು ಬರಿಗೈಯಲ್ಲಿ ಮುಟ್ಟದಿರುವುದು ಒಳ್ಳೆಯದು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು, ಹಾಲು ತುಪ್ಪ ಕುಡಿಸುವುದು ಬೇಡ. ಪ್ರಜ್ಞೆ ತಪ್ಪಿದ್ದರೆ ಪಕ್ಕಕ್ಕೆ ಮಲಗಿಸಿರಿ. 108ಕ್ಕೆ ಕರೆಮಾಡಿ, ಶೀಸೆಯನ್ನೂ ಕರಪತ್ರವನ್ನೂ ಆಸ್ಪತ್ರೆಗೆ ತೆಗೆದುಕೊಂಡು ಹೋಗಿರಿ. ಎಲ್ಲಾ ವಿಷಗಳಿಗೂ ಒಂದೇ ಚಿಕಿತ್ಸೆಯಲ್ಲ. ಕೆಲವಕ್ಕೆ ಅಟ್ರೋಪಿನ್ ಚುಚ್ಚುಮದ್ದು ಜೀವ ಉಳಿಸುತ್ತದೆ. ಪ್ಯಾರಾಕ್ವಾಟ್ ಎಂಬ ಕಳೆನಾಶಕಕ್ಕೆ ನಿರ್ದಿಷ್ಟ ಪ್ರತಿವಿಷವೇ ಇಲ್ಲ. ವೈದ್ಯರಿಗೆ ಹೆಸರು ಬೇಗ ತಿಳಿದಷ್ಟೂ ಒಳ್ಳೆಯದು.

ನಷ್ಟವಾದಾಗ, ಮತ್ತು ಫೋನಿನಲ್ಲಿ ಕೊಂಡಾಗ

ಮಾಲು ಕಳಪೆಯೆಂದು ಕಂಡರೆ ಮೊದಲು ರೈತ ಸಂಪರ್ಕ ಕೇಂದ್ರಕ್ಕೆ ಬರಹದಲ್ಲಿ ದೂರು ಕೊಟ್ಟು, ಹೊಲವನ್ನು ಬಂದು ನೋಡುವಂತೆ ಕೇಳಿರಿ. ಬೆಳೆಯ ಚಿತ್ರಗಳನ್ನು ತೆಗೆದಿಡಿರಿ. ಉಳಿದ ಮಾಲನ್ನು ಚೆಲ್ಲಬೇಡಿರಿ. ಪರಿಹಾರ ಬೇಕಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಕಂಪನಿ ಎಲ್ಲಿಯದೇ ಇರಲಿ, ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲುತ್ತದೆ. ವಕೀಲರಿರಲೇಬೇಕೆಂದಿಲ್ಲ. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ರೈತನು ಗ್ರಾಹಕನಲ್ಲವೆಂಬ ವಾದವನ್ನು ಸುಪ್ರೀಂ ಕೋರ್ಟು 2012ರಲ್ಲಿ ಬೀಜದ ಮೊಕದ್ದಮೆಯೊಂದರಲ್ಲಿ ತಳ್ಳಿಹಾಕಿದೆ.

2022ರ ತಿದ್ದುಪಡಿಯಿಂದ ಪರವಾನಗಿಯುಳ್ಳವರು ಕೀಟನಾಶಕವನ್ನು ಆನ್‌ಲೈನ್ ಮೂಲಕವೂ ಮಾರಬಹುದಾಗಿದೆ. ಮನೆ ಬಾಗಿಲಿಗೆ ಬಂದ ಪೊಟ್ಟಣಕ್ಕೂ ಮೇಲಿನ ಮಾತುಗಳೆಲ್ಲ ಅನ್ವಯಿಸುತ್ತವೆ: ಚೌಕ, ನೋಂದಣಿ ಸಂಖ್ಯೆ, ಅವಧಿ, ರಸೀದಿ. ಇವಿಲ್ಲದಿದ್ದರೆ ಮುಚ್ಚಳ ತೆರೆಯದೆ ಹಿಂದಿರುಗಿಸಿರಿ. ಮಾಲು ಹಿಂದಿರುಗಿಸಿದ ಮೇಲೆ, ಇಲ್ಲವೆ ದೂರು ಕೊಟ್ಟ ಮೇಲೆ, 'ನಿಮ್ಮ ಹಣ ವಾಪಸು ಮಾಡುತ್ತೇವೆ, ಓ.ಟಿ.ಪಿ. ಹೇಳಿ' ಎಂದು ಕರೆ ಬರುವುದುಂಟು. ಹಣ ಪಡೆಯಲು ಓ.ಟಿ.ಪಿ.ಯೂ ಬೇಡ, ಯು.ಪಿ.ಐ. ಪಿನ್ನೂ ಬೇಡ, ಅವು ಬೇಕಾಗುವುದು ಹಣ ಹೊರಗೆ ಹೋಗುವಾಗ. ಹಣ ಹೋಗಿಬಿಟ್ಟಿದ್ದರೆ ನಾಚಿಕೆಯಿಂದ ಸುಮ್ಮನಿರದೆ, ಆ ಗಳಿಗೆಯಲ್ಲೇ 1930ಕ್ಕೆ ಕರೆಮಾಡಿ, ಬ್ಯಾಂಕಿಗೂ ತಿಳಿಸಿರಿ. ಹಣ ಇನ್ನೊಂದು ಖಾತೆಗೆ ದಾಟುವ ಮುನ್ನ ತಡೆಯಲು ಸಾಧ್ಯವಾಗುವುದು ಮೊದಲ ಕೆಲವು ಗಂಟೆಗಳಲ್ಲಿ.