ಕೊಟ್ಟಿಗೆಯಲ್ಲಿ ಹುಟ್ಟಿದ ಕಾವ್ಯ

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಪಾಠರೂಪದ ಲೇಖನವೊಂದು ಬೇಕೆಂದು ಸಂಪಾದಕ ಮಿತ್ರರು ಕೇಳಿದರು. ತರಗತಿಯಲ್ಲಿ ಹೇಳದೆ ಉಳಿದ ಪಾಠವೊಂದನ್ನು ಹಳೆಯ ವಿದ್ಯಾರ್ಥಿಗಳ ಮುಂದಿಡುತ್ತಿದ್ದೇನೆ. ಪರಭಾಷೆಯ ಗ್ರಂಥದ ಮೂಲಕ ಬಂದ ಧರ್ಮವನ್ನು ಒಂದು ಜನಾಂಗವು ತನ್ನದಾಗಿಸಿಕೊಳ್ಳುವುದು ಹೇಗೆ? ಇಂಗ್ಲಿಷ್, ಜರ್ಮನ್ ಮೊದಲಾದ ಜರ್ಮಾನಿಕ್ ಭಾಷೆಗಳ ಪ್ರಾಚೀನ ಕ್ರೈಸ್ತ ಕಾವ್ಯಗಳು ಇದಕ್ಕೆ ಉತ್ತರ ಹೇಳುತ್ತವೆ.

ಏಳನೆಯ ಶತಮಾನದಲ್ಲಿ ಇಂಗ್ಲೆಂಡಿನ ವಿಟ್ಬಿ ಎಂಬಲ್ಲಿನ ಮಠದಲ್ಲಿ ಕ್ಯಾಡ್ಮನ್ ಎಂಬ ದನಗಾಹಿಯಿದ್ದನು. ಔತಣಕೂಟಗಳಲ್ಲಿ ತಂತಿವಾದ್ಯವು ಕೈಯಿಂದ ಕೈಗೆ ಬಂದು ಎಲ್ಲರೂ ಹಾಡಬೇಕಾದಾಗ, ಹಾಡು ಬಾರದ ಅವನು ನಡುವೆಯೇ ಎದ್ದುಹೋಗುತ್ತಿದ್ದನು. ಅಂತಹದೊಂದು ರಾತ್ರಿ ಕೊಟ್ಟಿಗೆಯಲ್ಲಿ ಮಲಗಿದ್ದಾಗ, ಸೃಷ್ಟಿಯ ಆದಿಯನ್ನು ಹಾಡೆಂದು ಕನಸಿನಲ್ಲಿ ಅಪ್ಪಣೆಯಾಯಿತಂತೆ. ಅಂದು ಮೂಡಿದುದು ಒಂಬತ್ತು ಸಾಲಿನ ಸ್ತುತಿ. ಮಠದ ಅಧ್ಯಕ್ಷೆ ಹಿಲ್ಡ್ ಅವನನ್ನು ಆದರದಿಂದ ಸೇರಿಸಿಕೊಂಡಳು. ವಿದ್ವಾಂಸರು ಬೈಬಲಿನ ಕಥೆಗಳನ್ನು ಹೇಳುವರು. ಅವನು ಮೆಲುಕು ಹಾಕುವ ಪ್ರಾಣಿಯಂತೆ ಅವನ್ನು ಮನಸ್ಸಿನಲ್ಲಿ ಅರಗಿಸಿ ಹಾಡಾಗಿಸುವನು. ಈ ಹೋಲಿಕೆ 731ರಲ್ಲಿ ತನ್ನ ಚರಿತ್ರೆಯನ್ನು ಮುಗಿಸಿದ ಬೀಡ್ ಎಂಬ ಸನ್ಯಾಸಿಯದು.

ಆ ಛಂದಸ್ಸಿನಲ್ಲಿ ನಮ್ಮಂತೆ ದ್ವಿತೀಯಾಕ್ಷರ ಪ್ರಾಸವಿಲ್ಲ. ಒತ್ತಿ ನುಡಿಯುವ ಪದಗಳ ಮೊದಲ ಧ್ವನಿಗಳು ಹೊಂದಬೇಕು. ವೀರರನ್ನು ಕೊಂಡಾಡಿದ ಅದೇ ಕಟ್ಟಿನಲ್ಲಿ ಕ್ಯಾಡ್ಮನ್ ದೇವರನ್ನು ಕೊಂಡಾಡಿದನು.

ಜರ್ಮನಿಯ ಸ್ಯಾಕ್ಸನರ ಕಥೆ ಬೇರೆ. ಶಾರ್ಲಮೇನ್ ದೊರೆಯು 772ರಿಂದ 804ರವರೆಗೆ ಯುದ್ಧಮಾಡಿ, ಕತ್ತಿಯ ಬಲದಿಂದ ಅವರಿಗೆ ಕ್ರೈಸ್ತ ದೀಕ್ಷೆ ಕೊಡಿಸಿದನು. ಕತ್ತಿಯಿಂದ ತಲೆ ಬಾಗೀತು, ಹೃದಯ ಬಾಗದು. ಮುಂದೆ ಸುಮಾರು 830ರಲ್ಲಿ ಹೆಸರರಿಯದ ಕವಿಯೊಬ್ಬನು ಅವರ ನುಡಿಯಲ್ಲಿಯೇ 'ಹೇಲಿಯಾಂಡ್', ಅಂದರೆ 'ರಕ್ಷಕ', ಎಂಬ ಸುಮಾರು 6000 ಸಾಲುಗಳ ಕಾವ್ಯವನ್ನು ರಚಿಸಿದನು. ಅದರಲ್ಲಿ ಕ್ರಿಸ್ತನು ಉದಾರಿಯಾದ ಒಡೆಯ. ಶಿಷ್ಯರು ಅವನ ನಿಷ್ಠಾವಂತ ಬಂಟರು. ಬೆತ್ಲೆಹೇಮ್ ಒಂದು ಕೋಟೆಯೂರು. ಕ್ರಿಸ್ತಜನನದ ಸುದ್ದಿ ಕೇಳುವವರು ಕುರುಬರಲ್ಲ, ಇರುಳಿನಲ್ಲಿ ಕುದುರೆ ಕಾಯುವ ಆಳುಗಳು! ಆದರೂ ಶತ್ರುವನ್ನು ಪ್ರೀತಿಸೆಂಬ ಬೋಧೆಯನ್ನು ಕವಿ ಬಿಡಲಿಲ್ಲ. ಸೋತ ಜನರಿಗೆ ಆ ಮಾತು ಎಷ್ಟು ಕಠಿನವಾಗಿದ್ದೀತೆಂಬುದನ್ನು ಓದುಗರೇ ಊಹಿಸಬೇಕು.

ಇದೇ ಪರಂಪರೆಯ ಹಳೆಯ ಇಂಗ್ಲಿಷ್ ಕವಿತೆಯೊಂದರಲ್ಲಿ ಶಿಲುಬೆಯೇ ಮಾತನಾಡುತ್ತದೆ. ತನ್ನೊಡೆಯನನ್ನು ಉಳಿಸಲಾರದೆ, ಅವನ ಮರಣಕ್ಕೆ ತಾನೇ ಸಾಧನವಾದ ಬಂಟನ ಸಂಕಟ ಅದರದು.

ಸ್ಯಾಕ್ಸನರ ನುಡಿ ಹಬ್ಬಿದ್ದ ಉತ್ತರ ಜರ್ಮನಿಯಲ್ಲಿಯೇ 1832ರಲ್ಲಿ ಜನಿಸಿದ ಕಿಟ್ಟೆಲ್ ಪಾದ್ರಿಯವರು, 1862ರಲ್ಲಿ 'ಕಥಾಮಾಲೆ'ಯಲ್ಲಿ ಕ್ರಿಸ್ತಚರಿತೆಯನ್ನು ಕನ್ನಡ ಪದ್ಯಗಳಲ್ಲಿ ಹೇಳಿದರು. ಯಾವ ವಿಚಾರವೇ ಆಗಲಿ, ಕೇಳುವವರ ನುಡಿಯಲ್ಲಿ ಹಾಡಾಗದೆ ಎದೆಗಿಳಿಯದೆಂಬುದನ್ನು ಅವರೂ ಅರಿತಿದ್ದರು.

ಕೊನೆಗೊಂದು ತಪ್ಪೊಪ್ಪಿಗೆ. ಪದ್ಯ ಒಪ್ಪಿಸಲಾರದೆ ತಲೆತಗ್ಗಿಸಿದ ಎಷ್ಟೋ ಮಕ್ಕಳನ್ನು ನಾನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಅವರ ಮನೆಮಾತಿನಲ್ಲಿ ಯಾವ ಹಾಡಿತ್ತೆಂದು ಒಮ್ಮೆಯೂ ಕೇಳಲಿಲ್ಲ. ಅವರು ಇಂದು ಇದನ್ನು ಓದುತ್ತಿದ್ದರೆ ಕ್ಷಮಿಸಲಿ. ಗಡಿನಾಡಿನ ಈ ಕನ್ನಡ ಶಾಲೆ ಇನ್ನು ಮುಂದೆಯೂ ನಾಚಿ ಎದ್ದುಹೋಗುವ ಮಗುವನ್ನು ಕರೆದು ಕೂರಿಸಿಕೊಂಡು, ಅದರ ಹಾಡನ್ನು ಕೇಳುವ ಮನೆಯಾಗಿರಲಿ.